ಮೊದಲು ಹಾಕಿದ ಟೇಪು

ನಾನು ರಾಯದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ, ಅಲ್ಲಿನ ಕಂಪ್ಯೂಟರ್ ದಾಖಲೆಗಳನ್ನು ದಿನವೂ ಟೇಪಿಗೆ ನಕಲು ಮಾಡಿಡುವವರೊಬ್ಬರಿದ್ದರು. ನಕಲಾದ ಮೇಲೆ ಒಂದೆರಡು ಕಡತ ತೆರೆದು ನೋಡದೆ ಅವರು ಎದ್ದವರಲ್ಲ. “ತಿರುಗಿ ಓದಾಕ ಬಂದ್ರನ ಉಳದಂಗ್ರಿ” ಎನ್ನುತ್ತ ಟೇಪನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ಸರ್ವರ್ ಕೆಟ್ಟು ಎಲ್ಲ ದಾಖಲೆಯೂ ಹೋಯಿತು. ಮ್ಯಾನೇಜರ್ ಬಂದು, “ಮೊದ್ಲು ಬಿಲ್ಲಿನ ಟೇಪ್ ಹಾಕ್ರಿ” ಅಂದರು.

“ಡಯಾಲಿಸಿಸ್‌ಗೆ ಬಂದೋರು ಕುಂತಾರ್ರಿ. ಅವ್ರದು ಮೊದ್ಲು” ಅಂದರು ಟೇಪಿನವರು.

“ಹೇಳಿದಷ್ಟು ಮಾಡ್ರಿ.”

ಟೇಪಿನವರು ರೋಗಿಗಳ ಟೇಪನ್ನೇ ಹಾಕಿದರು. ಗುಮ್ಮಘಟ್ಟದ ಅಜ್ಜಿಯೊಬ್ಬಳ ಪುಟ ತೆರೆಯಿತು. ಅವಳಿಗೆ ಚುಚ್ಚಲೆಂದು ಸಿರಿಂಜು ಹಿಡಿದು ಹೊರಟಿದ್ದ ನನಗೆ “ಓದ್ರಿ ಸಿಸ್ಟರ್” ಅಂದರು. ಡಾಕ್ಟರು ಆಗಷ್ಟೇ ಹೇಳಿದ ಇಂಜೆಕ್ಷನ್ ಅವಳಿಗೆ ಒಗ್ಗುವುದಿಲ್ಲವೆಂದು ಅದರಲ್ಲಿತ್ತು. ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಟ್ಟೆ.

ಹೇಳಿದ ಮಾತು ಕೇಳಲಿಲ್ಲವೆಂದು ಆ ತಿಂಗಳೇ ಅವರನ್ನು ಮಡಕಶಿರಾದ ಶಾಖೆಗೆ ಕಳಿಸಿದರು. ಅಜ್ಜಿ ಮಾತ್ರ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಷೇರ್ ಆಟೋದಲ್ಲಿ ಬರುತ್ತಲೇ ಇದ್ದಳು.