ಅಕ್ಕನ ಕೈ ಮತ್ತು ಇದ್ದಲಿ ಮೋಟಾರು

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹೊರಗೆ ಗೊಂಜಾಳದ ತೆನೆ ಸುಟ್ಟು ಮಾರುವ ಒಬ್ಬ ಹೆಂಗಸು ಕೂಡುತ್ತಾಳೆ. ಮೊನ್ನೆ ಅವಳ ಮುಂದೆ ಹಾಯ್ದು ಹೋಗುವಾಗ ಇದ್ದಲಿಯ ವಾಸನೆ ಮೂಗಿಗೆ ಬಡಿಯಿತು. ಇದ್ದಲಿ ವಾಸನೆಯಲ್ಲಿ ಎರಡು ಬಗೆ. ನಿಗಿನಿಗಿ ಕೆಂಡವಾದ ಮೇಲೆ ಬರುವುದು ಒಂದು, ಅದು ಯಾರಿಗಾದರೂ ಹಿತವೇ. ಸರಿಯಾಗಿ ಹೊತ್ತದೆ ಒಳಗೊಳಗೇ ಕನಲುವಾಗ ಬರುವುದು ಇನ್ನೊಂದು, ಅದು ತಲೆ ಹಿಡಿಯುತ್ತದೆ. ನನಗೆ ಬಂದದ್ದು ಎರಡನೆಯದು. ತೆನೆ ಕೊಳ್ಳಬೇಕೆಂದು ನಿಂತವನು ಕೊಳ್ಳದೆ ಮನೆಗೆ ಬಂದೆ. ಹಲ್ಲಿಲ್ಲದವನು ತೆನೆ ಕೊಂಡು ಏನು ಮಾಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಲ್ಲು ಕಾರಣವಾಗಿರಲಿಲ್ಲ. ನನಗೆ ನಮ್ಮ ನೀಲವ್ವಕ್ಕನ ಬಲಗೈ ನೆನಪಾಗಿತ್ತು.

ನಾನು ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಬರೆಯುವುದರಲ್ಲಿ ಹಿಂದುಮುಂದಾದರೆ ನೀವೇ ಹೊಂದಿಸಿಕೊಂಡು ಓದಬೇಕು. ಕೈಗೆ ಹತ್ತಿದ ವಿದ್ಯೆ ಒಂದೇ, ಮೋಟಾರು ಹೊಡೆಯುವುದು. ದೊಡ್ಡ ಲಡಾಯಿಯ ಕಾಲದಲ್ಲಿ ಹಾನಗಲ್ಲಿನ ಒಬ್ಬ ಸಾವಕಾರರ ವ್ಯಾನು ನನ್ನ ಕೈಯಲ್ಲಿತ್ತು. ಅಕ್ಕಿ, ಬೆಲ್ಲ ಹೇರಿಕೊಂಡು ಶಿಗ್ಗಾಂವಿಗೆ, ಅಲ್ಲಿಂದ ಸವಣೂರಿಗೆ. ಸವಣೂರಿನಲ್ಲಿ ವೀಳ್ಯದೆಲೆಯ ಪೆಂಡಿ ತುಂಬಿಕೊಂಡು ತಿರುಗಿ ಹಾನಗಲ್ಲು, ಮರುದಿನ ಹಿರೇಕೆರೂರು. ಎಲೆ ಬಾಡುವುದರೊಳಗೆ ಮುಟ್ಟಿಸಬೇಕು. ಹೀಗಾಗಿ ನಾನು ಯಾವಾಗಲೂ ಅವಸರದ ಮನುಷ್ಯ. ಅವಸರ ಇಲ್ಲದ ದಿನವೂ ಹಾಗೇ ಇರುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಲಡಾಯಿಯಿಂದ ಪೆಟ್ರೋಲು ಸಿಗದಂತಾದಾಗ ಮೋಟಾರುಗಳು ಇದ್ದಲಿಯ ಮೇಲೆ ಓಡತೊಡಗಿದವು. ನೀವು ನೋಡಿರಲಿಕ್ಕಿಲ್ಲ. ವ್ಯಾನಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಲಿ ತುಂಬಿ ಕೆಳಗೆ ಬೆಂಕಿ ಹಾಕುವುದು. ಅದರಿಂದ ಹುಟ್ಟುವ ಗ್ಯಾಸು ಕೊಳವೆಯೊಳಗೆ ಹಾಯ್ದು ಇಂಜಿನ್ನಿಗೆ ಹೋಗುವುದು. ಬೆಂಕಿ ಚುರುಕಾಗಲು ಡ್ರಮ್ಮಿನ ಮಗ್ಗುಲಿಗೆ ಒಂದು ಪಂಖ, ಅದಕ್ಕೊಂದು ಹಿಡಿಕೆ. ಹಿಡಿಕೆ ತಿರುವಿದರೆ ಪಂಖ ಡ್ರಮ್ಮಿನೊಳಗಿನ ಬಿಸಿಯನ್ನು ತನ್ನ ಕಡೆಗೆ ಜಗ್ಗುತ್ತಿತ್ತು, ಕೆಂಡ ಹೊತ್ತುತ್ತಿತ್ತು. ಅರ್ಧ ತಾಸು ತಿರುವಿದ ಮೇಲೆ ಮೋಟಾರು ಹೊರಡುವ ಮಾತು. ಸಂತೆಗೆ ಹೋಗುವ ಜನ ನಿಂತು ನೋಡಿ, "ಮೋಟಾರಿಗೆ ಚಾ ಕುಡಸಾಕತ್ತಾರ್ರಿ, ಕುಡದ ಮ್ಯಾಲೆ ಹೋಗ್ತೈತಿ" ಎಂದು ನಗುತ್ತಿದ್ದರು.

ಆ ಪಂಖದ ಅಚ್ಚು ಒಂದು ಹಿತ್ತಾಳೆಯ ಬುಶ್ಶಿನಲ್ಲಿ ತಿರುಗುತ್ತಿತ್ತು. ಬುಶ್ಶು ಎಂದರೆ ಬೆರಳಿಗೆ ಹಾಕುವಷ್ಟು ದೊಡ್ಡ ಉಂಗುರ, ಅಷ್ಟೇ. ಮಸಿ ತಿಂದು ಎರಡು ತಿಂಗಳಿಗೆ ಅದು ಸವೆಯುತ್ತಿತ್ತು. ಬದಲಿಸುವುದು ಗಳಿಗೆಯ ಕೆಲಸ, ಆದರೆ ಕೈ ಮುಟ್ಟಬೇಕಲ್ಲ! ಅದು ಕೂತದ್ದು ಡ್ರಮ್ಮಿಗೂ ವ್ಯಾನಿನ ಹಿಂಗೋಡೆಗೂ ನಡುವಿನ ಸಂದಿಯಲ್ಲಿ, ಪಂಖದ ಆಚೆ ಮಗ್ಗುಲಿಗೆ. ಅಲ್ಲಿಗೆ ಇದ್ದ ದಾರಿ ಹೆಣ್ಣುಮಕ್ಕಳ ಬಳೆಯಷ್ಟು ಅಗಲದ ಒಂದು ತೂತು. ಇಲ್ಲದಿದ್ದರೆ ಇಬ್ಬರು ಆಳು ಕೂಡಿ ಡ್ರಮ್ಮು ಇಳಿಸಬೇಕು, ಅರ್ಧ ದಿನ. ಅದನ್ನು ಜೋಡಿಸಿದವನಿಗೆ ಕೈ ಇದ್ದಿರಲಿಕ್ಕಿಲ್ಲ ಎಂದು ನಾನು ಬಹಳ ಸಲ ಬೈದಿದ್ದೇನೆ.

ಪಂಖಕ್ಕೆ ಕೈ ಹಾಕುವ ಮೊದಲು ಕೆಂಡವನ್ನೆಲ್ಲ ಹೊರಗೆ ಎಳೆದು ಡ್ರಮ್ಮು ಆರಿಸಬೇಕು ಎಂಬುದು ಸಾವಕಾರರ ಕಟ್ಟಪ್ಪಣೆ. ತಪ್ಪಿದವನಿಗೆ ನೌಕರಿ ಇಲ್ಲ. ನಾವು ಡ್ರೈವರುಗಳು ಹಾಗೆ ಮಾಡುತ್ತಿರಲಿಲ್ಲ. ಗಾಳಿಯ ಬಾಯಿ ಮುಚ್ಚಿ, ಕೆಂಡವನ್ನು ಬೂದಿಯಲ್ಲಿ ಮಲಗಿಸಿ ಇಡುತ್ತಿದ್ದೆವು. ಮೇಲೆ ಆರಿದಂತೆ ಕಾಣುತ್ತಿತ್ತು. ಮತ್ತೆ ಹಿಡಿಕೆ ತಿರುವಿದರೆ ಅರ್ಧ ತಾಸಿನ ಕೆಲಸ ಐದು ಮಿನಿಟಿಗೆ ಮುಗಿಯುತ್ತಿತ್ತು.

ಬೇಸಿಗೆಯಲ್ಲಿ ಶಾವಿಗೆ ಮಾಡಲು ಅಕ್ಕ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಶಿಗ್ಗಾಂವಿಯ ಒಕ್ಕಲುತನದ ದೊಡ್ಡ ಮನೆಗೆ, ಹಿರಿಯ ಸೊಸೆಯಾಗಿ. ತಿರುಗಿ ಕಳಿಸುವ ದಿನ ಅವ್ವ, "ನಿನ್ನ ಮೋಟಾರ್‍ನ್ಯಾಗ ಕರಕೊಂಡ ಹೋಗಿ ಮನಿ ಮುಟ್ಟಿಸಿ ಬಾ" ಎಂದಳು. ಕ್ಲೀನರು ರಜೆ ಹಾಕಿ ತನ್ನ ಊರು ಚಿಕ್ಕೇರೂರಿಗೆ ಹೋಗಿದ್ದ. ಹಿಂದೆ ಬೆಲ್ಲದ ಪೆಂಟೆ, ಮುಂದೆ ನಾವಿಬ್ಬರೇ.

ಶಿಗ್ಗಾಂವಿ ಇನ್ನೂ ಎರಡು ಹರದಾರಿ ಇರುವಾಗ ಒಂದು ಕೆರೆಯ ದಂಡೆಗೆ ನೀರು ಹಾಕಲು ನಿಲ್ಲಿಸಿದೆ. ತಿರುಗಿ ಚಾಲೂ ಮಾಡಹೋದರೆ ಹಿಡಿಕೆ ಅಲುಗಾಡಲಿಲ್ಲ. ಬುಶ್ಶು ಒಡೆದಿತ್ತು. ಹೊಸದು ಪೆಟ್ಟಿಗೆಯಲ್ಲಿತ್ತು, ಅದೊಂದು ಪುಣ್ಯ. ಬಲಗೈ ಹಾಕಿ ನೋಡಿದೆ, ಎಡಗೈ ಹಾಕಿ ನೋಡಿದೆ, ಎಣ್ಣೆ ಸವರಿ ನೋಡಿದೆ. ಅಕ್ಕ ಮರದ ನೆರಳಲ್ಲಿ ಕೂತು ನೋಡುತ್ತಿದ್ದಳು.

"ಅದೇನ ಕೈಯೇನೋ ತಮ್ಮಾ, ಸಲಿಕಿ ಇದ್ದಂಗ ಐತಿ. ಸರಿ ಅತ್ಲಾಗ."

"ಇದು ಹೆಣ್ಣಮಕ್ಕಳ ಕೆಲಸ ಅಲ್ಲಕ್ಕಾ."

"ಬಳಿಗಾರ ಬಳಿ ಇಡೂದ ನೋಡೀ ಇಲ್ಲ? ಹೆಬ್ಬಟ್ಟ ಅಂಗೈಯಾಗ ಮಡಚಿದ್ರ ಕೈ ಎಲ್ಲಿ ಬೇಕಾದಲ್ಲಿ ಹೋಗ್ತೈತಿ."

ಅವಳ ಕೈಯಲ್ಲಿ ಹಸಿರು ಗಾಜಿನ ಬಳೆ. ಗಂಡ ಇದ್ದವಳಿಗೆ ಬಳೆ ತೆಗೆ ಎನ್ನುವ ಮಾತು ನಮ್ಮಲ್ಲಿ ಬಾಯಿಗೆ ಬರುವುದಿಲ್ಲ. ಅವಳೇ ಅವನ್ನು ಮೊಳಕೈ ಕಡೆಗೆ ಸರಿಸಿ, ನನ್ನ ರುಮಾಲಿನ ಚುಂಗು ಹರಿದು ಕಟ್ಟಿಕೊಂಡಳು. ತೂತಿನ ಮುಂದೆ ಕೂತು ಕೇಳಿದಳು:

"ಬೆಂಕಿ ಆರೇತೇನ?"

"ಆರೇತಿ" ಎಂದೆ.

ಮಲಗಿಸಿಟ್ಟವನು ನಾನೇ. ಸವಣೂರಿನಲ್ಲಿ ಎಲೆಯವರು ಕಾಯುತ್ತಿದ್ದರು. ಕೈ ಒಳಗೆ ಹೋಯಿತು.

"ಬೆಚ್ಚಗ ಹತ್ತತೈತಲ್ಲೋ."

"ಬಿಸಲಿಗೆ ಕಬ್ಬಣ ಕಾದೈತಿ."

ಅವಳು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕಿದಳು. ಹಳೆಯದರ ಚೂರು ತೆಗೆದು ನನಗೆ ಕೊಟ್ಟಳು. ಹೊಸದನ್ನು ಒಳಗೆ ಒಯ್ದು, ತುಸು ಹೊತ್ತು ಬಿಟ್ಟು, "ಕುಂತೈತಿ ನೋಡು" ಎಂದಳು. ಅವಳ ಕೈ ಇನ್ನೂ ಒಳಗೇ ಇತ್ತು. ನಾನು ಹಿಡಿಕೆ ತಿರುವಿದೆ. ಒಂದೂವರೆ ಸುತ್ತು. ಕುಂತಿದೆಯೋ ಇಲ್ಲವೋ ನೋಡಬೇಕಿತ್ತು ನನಗೆ.

ಮಲಗಿದ್ದ ಕೆಂಡದ ಬಿಸಿಯನ್ನೆಲ್ಲ ಪಂಖ ಜಗ್ಗಿ ಅವಳ ಕೈ ಮೇಲೆ ಹಾಕಿತು. ಮಡಚಿ ಒಳಹೋದ ಕೈ ಬಿಚ್ಚಿಕೊಂಡು ಹೊರಗೆ ಬರಲೊಲ್ಲದು. ಅವಳು ಚೀರಲಿಲ್ಲ, ಜೋರಾಗಿ ಉಸಿರೆಳೆದು ಜಗ್ಗಿದಳು. ಕಟ್ಟಿದ ಬಟ್ಟೆ ಜಾರಿ ಬಳೆಗಳೆಲ್ಲ ತೂತಿನ ಅಂಚಿಗೆ ಬಡಿದು ಒಡೆದವು. ಹೊರಬಂದ ಕೈಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಅವಳು ಮೊದಲು ಹೇಳಿದ್ದು, "ಬಳಿ ಚೂರು ಆರಿಸು, ಯಾರರ ತುಳದಾರು" ಎಂದು. ನಾನು ಆರಿಸಿದೆ. ಹೊಲದ ಬೇಲಿಯಲ್ಲಿದ್ದ ಲೋಳಸರ ಮುರಿದು ತಂದು ಹಚ್ಚಿದೆ.

ಇನ್ನೊಂದು ಮಾತು ಹೇಳದಿದ್ದರೆ ಇದನ್ನು ಬರೆದು ಉಪಯೋಗವಿಲ್ಲ. ಆಮೇಲೆ ಹಿಡಿಕೆ ತಿರುವಿದಾಗ ಪಂಖ ನೀರು ಕುಡಿದಷ್ಟು ಸಲೀಸಾಗಿ ತಿರುಗಿತು. ನನಗೆ ಸಂತೋಷವಾಯಿತು. ಅಕ್ಕ ಮುಂದಿನ ಸೀಟಿನಲ್ಲಿ ಕೈ ಎತ್ತಿ ಹಿಡಿದು ಕೂತಿರುವಾಗ ನಾನು, ಸವಣೂರಿಗೆ ಹೊತ್ತಿಗೆ ಮುಟ್ಟುತ್ತೇನೆ ಎಂದುಕೊಂಡೆ.

ಶಿಗ್ಗಾಂವಿಯಲ್ಲಿ ಅವಳ ಅತ್ತೆ ಬಾಗಿಲಿಗೆ ಬಂದು ಮುಖ ನೋಡಲಿಲ್ಲ, ಬರಿಗೈ ನೋಡಿದಳು. "ಬಳಿ ಎಲ್ಲಿ?" ಎಂದಳು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ನಮ್ಮ ಮನಿ ಬಚ್ಚಲ ಒಲಿ ಉರಿ ಮುಂದ ಮಾಡಾಕ ಹೋಗಿ ಸುಟಗೊಂಡ್ಳರಿ. ಮದ್ಲಿಂದಾನೂ ಬೆಂಕಿ ಮುಂದ ಆಕೀಗೆ ಲಕ್ಷ್ಯ ಇರೂದಿಲ್ರಿ."

ಮೊದಲನೆಯ ಮಾತು ನೌಕರಿ ಉಳಿಸಿಕೊಳ್ಳಲು ಆಡಿದ್ದು. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಸುಳ್ಳಿಗೆ ಸ್ವಲ್ಪ ಬಿಗಿ ಇರಲಿ ಎಂದು ಸೇರಿಸಿದೆ. ನೀರು ಕೊಡುವ ನೆವದಿಂದ ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಇಷ್ಟೇ: "ನಾಳೆ ಅವ್ವ ಕೇಳಿದ್ರ ಯಾವ ಒಲಿ ಅಂತ ಹೇಳ್ಲಿ?" ಅದೂ ನನ್ನ ತಲೆಯಲ್ಲಿತ್ತು. ಹಾನಗಲ್ಲಿಗೆ ಬಂದು ಅವ್ವನಿಗೆ, ಶಿಗ್ಗಾಂವಿಯ ಒಲೆಯಲ್ಲಿ ಸುಟ್ಟುಕೊಂಡಳು ಎಂದೆ. ಒಂದು ಕೈಯನ್ನು ಎರಡು ಮನೆಯ ಒಲೆ ಸುಟ್ಟವು. ಸಾಯುವವರೆಗೂ ಅವ್ವ ಬೀಗರ ಮನೆಯ ಮೇಲೆ ಸಿಟ್ಟು ಇಟ್ಟುಕೊಂಡಳು.

ಕೈ ಮಾಯಿತು. ಎರಡು ಬೆರಳು ಮಡಚಿಕೊಂಡು ಉಳಿದವು, ಆದರೂ ರೊಟ್ಟಿ ಬಡಿಯಲು ಬರುತ್ತಿತ್ತು. ಅತ್ತೆ ಬಡಿಯಗೊಡಲಿಲ್ಲ. "ಬೆಂಕಿ ಮುಂದ ಲಕ್ಷ್ಯ ಇಲ್ಲದಾಕಿ ಒಲಿ ಮುಂದ ಬ್ಯಾಡ, ಮನೀಗೆ ಕಿಚ್ಚು ಹಚ್ಚ್ಯಾಳು" ಎಂದು, ಆಗ ತಾನೇ ಬಂದ ಕಿರಿಯ ಸೊಸೆ ಪಾರವ್ವನನ್ನು ಒಲೆಯ ಮುಂದೆ ಕೂಡಿಸಿದಳು. ಅಕ್ಕನಿಗೆ ದನದ ಕೊಟ್ಟಿಗೆ, ಹೊಲ. ಅಡುಗೆಮನೆ ಹೋದ ಸೊಸೆಗೆ ಆ ಮನೆಯಲ್ಲಿ ಮಾತೂ ಹೋದಂತೆ. ಯಾರಿಗೆ ಏನು ಬಡಿಸಬೇಕು, ಬಂದವರನ್ನು ಉಣ್ಣಲು ಕೂಡಿಸಬೇಕೋ ಬೇಡವೋ, ಎಲ್ಲ ಒಲೆಯ ಮುಂದೆ ಕೂತವಳದು. ಹಿರಿಯ ಸೊಸೆ ಹೊಸ್ತಿಲಾಚೆ ಕೂತು, ಹಾಕಿದ್ದನ್ನು ಉಣ್ಣುತ್ತಿದ್ದಳು.

ಒಂದು ಹಬ್ಬಕ್ಕೆ ಹೋದಾಗ ಅಕ್ಕ ಅತ್ತೆಯನ್ನು ಕೇಳಿದ್ದನ್ನು ನಾನೇ ಕೇಳಿದ್ದೇನೆ. "ಎವ್ವಾ, ತಮ್ಮ ಬಂದಾನ. ಎರಡ ಹೋಳಿಗಿ ನಾ ಬೇಯಿಸ್ಲೇನ?" ಅತ್ತೆ ಹೇಳಿದಳು, "ಬ್ಯಾಡ. ನಿನ್ನ ಗುಣಾ ನಿನ್ನ ತಮ್ಮನ ಹೇಳಿ ಹೋಗ್ಯಾನ." ಆಗ ನಾನು ಬಾಯಿ ತೆರೆಯಬಹುದಿತ್ತು. ಬಾಯಿಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗಿದೆ, ಮಾತನ್ನೂ ನುಂಗಿದೆ. ಲಡಾಯಿ ಮುಗಿಯಿತು, ಪೆಟ್ರೋಲು ಬಂತು, ಸಾವಕಾರರು ತೀರಿಕೊಂಡರು. ಹೆದರುವುದಕ್ಕೆ ಯಾರೂ ಉಳಿಯಲಿಲ್ಲ. ಆದರೂ ಹೇಳಲಿಲ್ಲ.

ತೆನೆ ಕೊಳ್ಳದೆ ಬಂದ ಮರುದಿನ ಶಿಗ್ಗಾಂವಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಎಲ್ಲರೆದುರು ನಿಜ ಹೇಳುತ್ತೇನೆ ಎಂದೆ. ಅವಳು ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ.

"ಯಾರಿಗೆ ಹೇಳ್ತೀಯೋ? ಕೇಳಬೇಕಾದಾಕಿ ಸತ್ತು ಹನ್ನೆರಡ ವರ್ಷಾತು."

ಹಾಗೆಂದವಳೇ ಒಳಗೆ ಮುಖ ಮಾಡಿ ಕರೆದಳು. "ಪಾರೀ, ಹೊರಗ ಬಾ. ನಮ್ಮ ತಮ್ಮ ಏನೋ ಹೇಳ್ತಾನಂತ, ಕೇಳು."

ಮನೆಗೆ ಸೊಸೆಯಂದಿರು ಬಂದರೂ ರೊಟ್ಟಿ ಇನ್ನೂ ಪಾರವ್ವನದೇ. ಹಿಟ್ಟು ಹತ್ತಿದ ಕೈಯಿಂದಲೇ ಬಂದು ನಿಂತಳು. ನಾನು ಕೆರೆಯ ದಂಡೆಯಿಂದ ಹಿಡಿದು ಎಲ್ಲ ಹೇಳಿದೆ. ಅವಳು ಅಕ್ಕನ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹಂಗಂದ್ರ ಅಣ್ಣಾರ, ಇಷ್ಟ ವರ್ಷ ನಾ ಒಬ್ಬಾಕೀನ ಆ ಹೊಗಿಯಾಗ ಕುಂತದ್ದು ನಿಮ್ಮ ಒಂದ ಮಾತಿನ ಸಲವಾಗಿ?"

ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಒಲೆ ಸಿಕ್ಕವಳು ಗೆದ್ದವಳು ಎಂದೇ ತಿಳಿದಿದ್ದೆ.

"ತವರಿಗೆ ಹೋಗ್ತೇನಿ ಅಂದ್ರ ಅತ್ತಿ, ಒಲಿ ಯಾರ ನೋಡ್ತಾರ, ಆಕೀನ್ನ ನಂಬಾಕ ಬರೂದಿಲ್ಲ ಅಂತಿದ್ಲು. ನಮ್ಮವ್ವ ದುಂಡಸಿಯಾಗ ಹಾಸಿಗಿ ಹಿಡದಾಗ ಎರಡ ದಿನದ ರೊಟ್ಟಿ ಬಡದಿಟ್ಟು ಹೊಂಟೆ. ನಾ ಮುಟ್ಟೂದ್ರಾಗ ಆಕೀನ ಮಣ್ಣಿಗೆ ಎತ್ತಿದ್ರು."

ಅಕ್ಕ ಮೊರ ಕೆಳಗಿಟ್ಟಳು.

"ಆತಗ ಒಬ್ಬಾವಗ ಅನಬ್ಯಾಡ ಪಾರೀ. ನನಗೂ ಬಾಯಿ ಇತ್ತು. ತಮ್ಮನ ನೌಕರಿ ಹೋದೀತಂತ ನಾನೂ ಸುಮ್ಮನಿದ್ದೆ. ಆಮ್ಯಾಲೆ ಅದಽ ರೂಢಿ ಆತು."

ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಗಲ್ಲಕ್ಕೆ ಹಿಟ್ಟು ಹತ್ತಿತು. "ಹಂಗಾದ್ರ ಇಬ್ಬರೂ ಒಳಗ ಬರ್ರಿ. ಹಿಟ್ಟ ನಾದಿಟ್ಟೇನಿ" ಎಂದಳು. ಅದು ಕರೆಯೋ ಹುಕುಮೋ ತಿಳಿಯಲಿಲ್ಲ. ನಾವು ಎದ್ದೆವು. ಹೊಸ್ತಿಲ ಮುಂದೆ ಅಕ್ಕ ಒಂದು ಗಳಿಗೆ ನಿಂತಳು, ಆಮೇಲೆ ದಾಟಿದಳು.

ನನಗೆ ಕಟ್ಟಿಗೆ ಸರಿಸಿ ಉರಿ ಮುಂದೆ ಮಾಡುವ ಕೆಲಸ ಹತ್ತಿತು. ಹೊಗೆ ಕಣ್ಣಿಗೆ ಬಂದರೂ ಒರೆಸಿಕೊಳ್ಳುವ ಧೈರ್ಯವಾಗಲಿಲ್ಲ. ಅಕ್ಕ ಹಿಟ್ಟಿನ ಮುದ್ದೆ ಮುಂದಿಟ್ಟುಕೊಂಡು, ಮಡಚಿದ ಎರಡು ಬೆರಳನ್ನು ಮೇಲೆ ಹಿಡಿದು ಬಡಿಯತೊಡಗಿದಳು. ರೊಟ್ಟಿ ಒಂದು ಕಡೆಗೆ ಹಿಗ್ಗಿತು. ಪಾರವ್ವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ನೋಡಿದಳು.

"ದಂಡಿ ದಪ್ಪಾತು ನೋಡಕ್ಕಾ."

ಅಕ್ಕ ಮುರಿದು ಮುದ್ದೆ ಮಾಡಿ, ಮತ್ತೆ ಮೊದಲಿನಿಂದ ಬಡಿದಳು.