ಗಂಗವ್ವನ ಪಾಲು

ಕಟ್ಟಿಗೆಗೆ ಯಾವ ಎಣ್ಣೆ ಒಳ್ಳೆಯದು ಎಂದು ಸೇಡಂನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ. ಹೇಳುವವರಿಗೇನು, ಬಾಗಿಲು ಅವರದಲ್ಲವಲ್ಲ. ಮಾಣಿಕಪ್ಪನನ್ನು ಕೇಳಿದರೆ ಮಾತ್ರ ಉತ್ತರ ಬೇಗ ಬರುತ್ತಿರಲಿಲ್ಲ. ಬಾಗಿಲೋ ಮಂಚವೋ, ಸಾಗುವಾನಿಯೋ ಬೇವೋ, ಬಿಸಿಲಿಗೆ ಮುಖ ಮಾಡಿದೆಯೋ ನೆರಳಿಗೋ, ಸಿಮೆಂಟ್ ಕಾರ್ಖಾನೆಯ ಗಾಳಿ ಬಡಿಯುತ್ತದೆಯೋ ಇಲ್ಲವೋ ಎಂದು ಅವನೇ ತಿರುಗಿ ಹತ್ತು ಪ್ರಶ್ನೆ ಹಾಕುತ್ತಿದ್ದ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು.

ಅವನು ಹುಟ್ಟಿದ್ದು ಸನ್ನತಿಯಲ್ಲಿ, ಅಂಬಿಗರ ಮನೆಯಲ್ಲಿ. ತಂದೆ ಅಂಬರೇಶ ಭೀಮಾ ನದಿಯಲ್ಲಿ ದೋಣಿ ನಡೆಸಿ ಜನರನ್ನು ದಾಟಿಸುತ್ತಿದ್ದ. ಬೇಸಿಗೆಯಲ್ಲಿ ನೀರು ತಗ್ಗಿದಾಗ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿ, ತಾಮ್ರದ ಪಾತ್ರೆಯಲ್ಲಿ ಅಗಸೆ ಎಣ್ಣೆ ಕುದಿಸಿ ಹಲಗೆಗಳಿಗೆ ಕುಡಿಸುವುದು ಆ ಮನೆಯ ಪದ್ಧತಿ. ಹಚ್ಚಬೇಕು, ಅರ್ಧ ತಾಸು ಬಿಡಬೇಕು, ಕಟ್ಟಿಗೆ ಕುಡಿಯದೆ ಬಿಟ್ಟಿದ್ದನ್ನು ಹಳೇ ಬಟ್ಟೆಯಿಂದ ಒರೆಸಬೇಕು, ಮೂರು ದಿನ ಒಣಗಿಸಿ ಮತ್ತೆ ಹಚ್ಚಬೇಕು. ಒರೆಸಿದ ಬಟ್ಟೆಗಳನ್ನು ಒಂದೂ ಉಳಿಸದೆ ಸಂಜೆಯೊಳಗೆ ನದಿಗೆ ಹಾಕಬೇಕು. ಅದು ಗಂಗವ್ವನ ಪಾಲು. ಯಾಕೆಂದು ಯಾರೂ ಕೇಳಿದ್ದಿಲ್ಲ. ನೀರಿನ ಅನ್ನ ತಿನ್ನುವವರು ನೀರಿಗೆ ನಾಲ್ಕು ಚಿಂದಿ ಕೊಟ್ಟರೆ ಕಾರಣ ಕೇಳುವುದೆಂಥದು?

ಸೇತುವೆ ಬಂದ ಮೇಲೆ ದೋಣಿ ಹತ್ತುವವರಿಲ್ಲವಾದರು. ಅದು ದಡದಲ್ಲೇ ಒಣಗಿ ಬಿರಿಯಿತು. ಮಾಣಿಕಪ್ಪ ತಾಮ್ರದ ಪಾತ್ರೆಯೊಂದನ್ನು ಎತ್ತಿಕೊಂಡು ಹೆಂಡತಿ ಹಣಮಮ್ಮನ ಜೊತೆ ಸೇಡಂಗೆ ಬಂದ. ಬಸ್‌ಸ್ಟ್ಯಾಂಡಿನ ಹಿಂದೆ ಕಲ್ಯಾಣಪ್ಪ ಸಾವಕಾರರ ಕಟ್ಟಿಗೆ ಅಡ್ಡೆಯಲ್ಲಿ ಹಲಗೆ ಹೊರುವ ಕೆಲಸ ಸಿಕ್ಕಿತು.

ಆ ವರ್ಷ ಸಾವಕಾರರ ಸ್ವಂತ ಮನೆಯ ತಲಬಾಗಿಲು ಕೆಟ್ಟುಹೋಗಿತ್ತು. ಆರೈಕೆ ಕಡಿಮೆಯಾಗಿ ಕೆಟ್ಟಿದ್ದಲ್ಲ, ಭಕ್ತಿ ಹೆಚ್ಚಾಗಿ ಕೆಟ್ಟಿದ್ದು. ದೀಪಾವಳಿಗೆಂದು ಮನೆಯವರು ದೇವರ ದೀಪಕ್ಕೆ ಹಾಕುವ ಶೇಂಗಾ ಎಣ್ಣೆಯನ್ನೇ ಬಾಗಿಲಿಗೂ ಧಾರಾಳವಾಗಿ ಬಳಿದಿದ್ದರು. ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಕಾರ್ಖಾನೆ ಕಡೆಯ ಬೂದು ಧೂಳು ಅದರ ಮೇಲೆ ಕೂತಿತು, ಧೂಳಿನ ಮೇಲೆ ಚಳಿಗಾಲದ ಇಬ್ಬನಿ ಬಿತ್ತು. ಸಂಕ್ರಾಂತಿ ಹೊತ್ತಿಗೆ ಸಾಗುವಾನಿ ಬಾಗಿಲು ಗಿಲಾವು ಮಾಡಿದ ಗೋಡೆಯ ಹಾಗಾಗಿತ್ತು. ಬಡಗಿಗಳು ಬಾಗಿಲನ್ನೇ ಬದಲಿಸಿ ಎಂದರು. ಹಲಗೆ ಹೊರುವ ಮಾಣಿಕಪ್ಪ ಮಾತ್ರ ಬಾಗಿಲಿನದೇನೂ ತಪ್ಪಿಲ್ಲ, ಎಣ್ಣೆಯದು ತಪ್ಪು ಎಂದ.

ಕಲ್ಯಾಣಪ್ಪ ಬಾಯಿಮಾತಿಗೆ ಒಪ್ಪುವವರಲ್ಲ. ಒಂದೇ ಸಾಗುವಾನಿ ಹಲಗೆಯನ್ನು ಆರು ತುಂಡು ಮಾಡಿಸಿ, ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿಸಿ, ಕಾರ್ಖಾನೆಗೆ ಮುಖ ಮಾಡಿದ ಹಿಂಗೋಡೆಗೆ ಮೊಳೆ ಹೊಡೆಸಿದರು. ವರ್ಷ ತುಂಬುವಷ್ಟರಲ್ಲಿ ಆರೂ ತಮ್ಮ ತಮ್ಮ ಗುಣ ತೋರಿಸಿದವು. ಶೇಂಗಾದ ತುಂಡು ಮತ್ತೆ ಗೋಡೆಯಾಗಿತ್ತು. ಕೊಬ್ಬರಿ ಎಣ್ಣೆಯದು ಅದರ ತಮ್ಮ, ಅಷ್ಟೇ ಜಿಡ್ಡು. ಬೇವಿನ ಎಣ್ಣೆಗೆ ಗೆದ್ದಲು ಹತ್ತಿರ ಬಂದಿರಲಿಲ್ಲ, ಆದರೆ ಆ ನಾತಕ್ಕೆ ಮನುಷ್ಯರೂ ಬರುವಂತಿರಲಿಲ್ಲ. ಲಾರಿಯ ಸುಟ್ಟ ಆಯಿಲ್ ಬಳಿದದ್ದು ಗಟ್ಟಿಯಾಗೇ ಇತ್ತು. ಬೇಲಿಯ ಕಂಬಕ್ಕೆ ಅಡ್ಡಿಯಿಲ್ಲ, ಮನೆಯ ಬಾಗಿಲಿಗೆ ಹಚ್ಚಿದರೆ ಬಂದುಹೋದವರ ಅಂಗಿಯೆಲ್ಲ ಕಪ್ಪು. ಕುಸುಬಿ ಎಣ್ಣೆ ಒಣಗಿತ್ತು, ಕಟ್ಟಿಗೆಯ ಬಣ್ಣವನ್ನೂ ಕೆಡಿಸಿರಲಿಲ್ಲ, ಆದರೆ ಒಣಗಲು ಹದಿನೈದು ದಿನ ತೆಗೆದುಕೊಂಡು ಎರಡನೇ ಮಳೆಗೇ ಸೋತಿತ್ತು. ಕುದಿಸಿದ ಅಗಸೆ ಎಣ್ಣೆಯ ತುಂಡಿನ ಮೇಲೆ ಕಲ್ಯಾಣಪ್ಪ ಧೋತರದ ಅಂಚಿನಿಂದ ಒಮ್ಮೆ ಒರೆಸಿದರು. ಧೂಳೆಲ್ಲ ಉದುರಿ ಒಳಗಿನಿಂದ ಬೆಲ್ಲದ ಬಣ್ಣ ಮೇಲೆ ಬಂತು.

"ಇನ್ನ ಮ್ಯಾಲ ನನ್ನ ಅಡ್ಡೆದ ಬಾಗಿಲ ಕಾಯಾಂವ ನೀನಾ," ಎಂದರು ಸಾವಕಾರರು.

ಒಂದೇ ಮಾತು. ಮಾಣಿಕಪ್ಪ ಆ ಮಾತನ್ನು ಇಪ್ಪತ್ತೆರಡು ವರ್ಷ ತಿಂದು ಬದುಕಿದ. ಚಿತ್ತಾಪುರದ ಗೌಡರ ವಾಡೆಗಳಿಗೆ, ವಾಡಿ ಜಂಕ್ಷನ್ನಿನ ರೈಲ್ವೆ ನೌಕರರ ಮನೆಗಳಿಗೆ, ಚಿಂಚೋಳಿಯ ಮಠಕ್ಕೆ ಅವನು ಎಣ್ಣೆ ಕುಡಿಸಿದ ಬಾಗಿಲುಗಳು ಹೋದವು. ಕಲ್ಯಾಣಪ್ಪನ ಬಾಗಿಲು ಎಂದೇ ಅವು ಹೆಸರಾದವು, ಮಾಣಿಕಪ್ಪನ ಬಾಗಿಲು ಎಂದು ಯಾರೂ ಅನ್ನಲಿಲ್ಲ. ಅದಕ್ಕೆ ಅವನಿಗೆ ಬೇಜಾರಿರಲಿಲ್ಲ. ಸಾವಕಾರರಿಗೆ ಗೊತ್ತಿದೆಯಲ್ಲ, ಅಷ್ಟು ಸಾಕು ಎನ್ನುತ್ತಿದ್ದ. ಹಣಮಮ್ಮ, ಸಾವಕಾರರಿಗೆ ಗೊತ್ತಿದ್ದದ್ದು ಊರಿಗೆ ಗೊತ್ತಾಗುವುದು ಯಾವಾಗ ಎಂದು ಚುಚ್ಚುತ್ತಿದ್ದಳು.

ಸನ್ನತಿಯ ಪದ್ಧತಿಯನ್ನು ಅವನು ಸೇಡಂನಲ್ಲೂ ಬಿಡಲಿಲ್ಲ. ಒರೆಸಿದ ಬಟ್ಟೆಗಳನ್ನು ಸಂಜೆ ನಳದ ಕೆಳಗಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಬೆಳಿಗ್ಗೆ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಕಾಗಿಣಾ ನದಿಗೆ ಹಾಕಿ ಬರುತ್ತಿದ್ದ. ಕಾಗಿಣಾ ಕೊನೆಗೆ ಹೋಗಿ ಸೇರುವುದು ಭೀಮೆಯನ್ನೇ ಅಲ್ಲವೇ, ಮುಟ್ಟುವಲ್ಲಿಗೆ ಮುಟ್ಟುತ್ತದೆ ಎಂಬುದು ಅವನ ಲೆಕ್ಕ. ಬಡಗಿ ಮತೀನ ಮೊದಮೊದಲು ನಕ್ಕ, ಆಮೇಲೆ ತನ್ನ ಕೈಯ ಎಣ್ಣೆ ಬಟ್ಟೆಯನ್ನೂ ತಂದು ಅದೇ ಬಕೆಟ್ಟಿಗೆ ಹಾಕತೊಡಗಿದ.

ಮಂಡಿನೋವು ಹೆಚ್ಚಾಗಿ ಕಲ್ಯಾಣಪ್ಪ ಮನೆ ಹಿಡಿದರು. ಮಗ ಮಹೇಶಕುಮಾರ ಗಾದಿಯ ಮೇಲೆ ಕೂತ. ಕೆಟ್ಟವನೇನಲ್ಲ, ಮಾಣಿಕಪ್ಪನನ್ನು ಕಾಕಾ ಎಂದೇ ಕರೆಯುತ್ತಿದ್ದ, ಚಹಾ ತಂದರೆ ಮೊದಲ ಲೋಟ ಅವನಿಗೇ ಕೊಡುತ್ತಿದ್ದ. ಒಂದು ದಿನ ಅಂಗಡಿಯ ಪ್ರಚಾರಕ್ಕೆಂದು ಎಣ್ಣೆ ಕೆಲಸವನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತೇನೆ ಎಂದ. ಮಾಣಿಕಪ್ಪ ಒಗೆದ ಅಂಗಿ ಹಾಕಿಕೊಂಡು ಬಂದ. ಎಣ್ಣೆ ಎಷ್ಟು ಹೊತ್ತು ಕುದಿಯಬೇಕು, ಕೋಳಿ ಪುಕ್ಕ ಅದ್ದಿದರೆ ಹೇಗೆ ಸುರುಟಬೇಕು, ಮೊದಲ ಕೈಗೆ ಎಷ್ಟು ತೆಳುವಿರಬೇಕು, ಒಂದನ್ನೂ ಮುಚ್ಚಿಡದೆ ತೋರಿಸಿದ. ಅಪ್ಪನಿಂದ ಬಂದದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಸುರಿದುಬಿಟ್ಟ. ಕೊನೆಗೆ ಬಟ್ಟೆಗಳನ್ನು ಬಕೆಟ್ಟಿನ ಕಡೆ ಒಯ್ದಾಗ ಮಹೇಶ ಮೊಬೈಲು ಕೆಳಗಿಳಿಸಿದ.

"ಇದು ಬ್ಯಾಡ ಬಿಡ್ರಿ ಕಾಕಾ. ಮಂದಿ ನೋಡಿ ನಗ್ತಾರ. ಬಸವಣ್ಣನ ಮಂದಿ ನಾವು, ಇಂಥ ಮೂಢನಂಬಿಕಿ ನಮ್ಮ ಅಂಗಡ್ಯಾಗ ಯಾಕ?"

ಇದೂ ಕೆಲಸದ ಭಾಗವೇ ಎಂದು ಮಾಣಿಕಪ್ಪ ಹೇಳಿ ನೋಡಿದ. ಯಾಕೆ ಎಂದು ಮಹೇಶ ಕೇಳಿದ. ಗಂಗವ್ವನ ಪಾಲು ಎಂದಷ್ಟೇ ಹೇಳಿ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿದ.

ತಿಂಗಳು ಕಳೆಯುವುದರಲ್ಲಿ, ವಯಸ್ಸಾಯಿತು ಕಾಕಾ, ಇನ್ನು ಆರಾಮ ಮಾಡಿ, ಕೆಲಸವಿದ್ದಾಗ ಫೋನು ಮಾಡುತ್ತೇನೆ ಎಂದ ಮಹೇಶ. ಮೊಬೈಲಿನಲ್ಲಿ ಕೆಲಸವೆಲ್ಲ ಇರುವಾಗ ಕೆಲಸಗಾರ ಯಾಕೆ ಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆಯನ್ನು ಅಂಬಿಗರ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಎದ್ದು ಬಂದ. ಸಿಟ್ಟಿನಲ್ಲಿ ತಾಮ್ರದ ಪಾತ್ರೆಯನ್ನು ಅಲ್ಲೇ ಮರೆತ.

ಬಸವ ಜಯಂತಿಯ ಹಿಂದಿನ ದಿನ ಆ ಪಾತ್ರೆ ಕೇಳಲು ಹೋದ. ಈಗ ಅದರಲ್ಲಿ ಎಣ್ಣೆಯಿದೆ, ನಾಡಿದ್ದು ಬನ್ನಿ ಎಂದ ಮಹೇಶ. ಅಪ್ಪನ ಪಾತ್ರೆ ಕೇಳಲು ಮುಹೂರ್ತ ನೋಡಬೇಕೇನು ಎಂದು ಮಾಣಿಕಪ್ಪ ದನಿ ಎತ್ತಿದ. ರಸ್ತೆಯಲ್ಲಿದ್ದ ನಾಲ್ಕು ಜನ ಕೇಳಿಸಿಕೊಂಡರು.

ಜಯಂತಿಯ ದಿನ ಅಡ್ಡೆಯಲ್ಲಿ ಹನ್ನೊಂದರವರೆಗೆ ಕೆಲಸ ನಡೆಯಿತು. ಮದುವೆ ಮನೆಯೊಂದರ ಎಂಟು ಬಾಗಿಲುಗಳಿಗೆ ಎಣ್ಣೆ ಒರೆಸಿ, ಬಟ್ಟೆಗಳನ್ನು ಸಿಮೆಂಟ್ ಚೀಲವೊಂದಕ್ಕೆ ತುರುಕಿ, ಕಟ್ಟಿಗೆ ಪುಡಿಯ ರಾಶಿಯ ಪಕ್ಕ ಎಸೆದು, ಬೀಗ ಹಾಕಿ ಎಲ್ಲರೂ ಮೆರವಣಿಗೆಗೆ ಹೋದರು. ನಾಲ್ಕು ಗಂಟೆಗೆ ಹೊಗೆ ಕಂಡಿತು. ಬೆಂಕಿ ಆರಿಸುವ ಗಾಡಿ ಬರುವಷ್ಟರಲ್ಲಿ ಬಾಗಿಲು, ಹಲಗೆ, ತಗಡಿನ ಚಾವಣಿ ಎಲ್ಲ ಹೋಗಿತ್ತು. ತಾಮ್ರದ ಪಾತ್ರೆ ಬೂದಿಯಲ್ಲಿ ಮುದ್ದೆಯಾಗಿ ಸಿಕ್ಕಿತು.

ಬೀಗ ಹಾಕಿದ ಅಂಗಡಿಗೆ ಬೆಂಕಿ ತಾನಾಗಿ ಬೀಳುತ್ತದೆಯೇ? ಹಿಂದಿನ ದಿನ ಜಗಳವಾಡಿದ್ದು ಯಾರು? ಊರಿಗೆ ಇನ್ನೇನು ಬೇಕು. ಪೊಲೀಸರು ನಾಲ್ಕು ದಿನ ಅವನನ್ನು ಕರೆಸಿ ಕೂರಿಸಿಕೊಂಡರು, ಸಾಕ್ಷಿ ಸಿಗದೆ ಬಿಟ್ಟರು. ಊರು ಮಾತ್ರ ಅವನನ್ನು ಬಿಡಲಿಲ್ಲ. ಮಹೇಶನ ಬಾಯಲ್ಲಿ ಕಾಕಾ ಹೋಗಿ ಮಾಣಿಕ್ಯಾ ಬಂದ. ಮಾಣಿಕಪ್ಪನಿಗೆ ಇದ್ಯಾವುದೂ ಅಷ್ಟು ನಾಟಲಿಲ್ಲ. ಕಲ್ಯಾಣಪ್ಪ ಸಾವಕಾರರು ಏನೆಂದುಕೊಂಡಿದ್ದಾರೋ ಎಂಬ ಒಂದೇ ವಿಚಾರ ಅವನನ್ನು ತಿನ್ನುತ್ತಿತ್ತು.

ಠಾಣೆಯ ಬೆಂಚಿನ ಮೇಲೆ ಕೂತು ಆ ಬಟ್ಟೆ ಚೀಲದ ಮಾತು ಕೇಳಿಸಿಕೊಂಡಾಗ ಅವನಿಗೊಂದು ನೆನಪು ಬಂದಿತ್ತು. ಎಂಟೊಂಬತ್ತು ವರ್ಷದವನಿದ್ದಾಗ ಎಣ್ಣೆ ಬಟ್ಟೆಗಳನ್ನು ನದಿಗೆ ಹಾಕುವ ಬದಲು ದೋಣಿಯ ಕೆಳಗೆ ಮುದ್ದೆ ಮಾಡಿ ಇಟ್ಟು ಆಡಲು ಹೋಗಿದ್ದ. ಸಂಜೆ ತೆಗೆಯಲು ಕೈ ಹಾಕಿದರೆ ಒಳಗೆ ಬಿಸಿ, ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿಯಷ್ಟು. ಅಪ್ಪ ಕಪಾಳಕ್ಕೆ ಹೊಡೆದು ಬಟ್ಟೆಗಳನ್ನು ನೀರಿಗೆಸೆದಿದ್ದ. ದೇವಿಯ ಪಾಲು ಮುಟ್ಟಿದ್ದಕ್ಕೆ ಪೆಟ್ಟು ಬಿತ್ತೆಂದೇ ಮಾಣಿಕಪ್ಪ ಇಷ್ಟು ವರ್ಷ ತಿಳಿದಿದ್ದ. ಅರ್ಥವಾದದ್ದು ಆ ಬೆಂಚಿನ ಮೇಲೆ.

ಪೊಲೀಸರು ಬಿಟ್ಟ ದಿನವೇ ಕಲ್ಯಾಣಪ್ಪನವರ ಮನೆಗೆ ಹೋಗಿ ಅಂಗಳದಲ್ಲಿ ನಿಂತ.

"ನಾ ಬೆಂಕಿ ಹಚ್ಚಿಲ್ರಿ ಸಾವಕಾರ್ರೆ. ಅಗಸಿ ಎಣ್ಣಿ ಬಟ್ಟಿ ತಾವಾ ಹತ್ತಿ ಉರದಾವ. ತೋರಸ್ತೀನಿ, ಒಂದ ಮಧ್ಯಾಹ್ನ ಕೊಡ್ರಿ, ಸಾಕು."

ಆರು ತುಂಡು ಹಲಗೆಗೆ ಒಂದು ವರ್ಷ ಕೊಟ್ಟಿದ್ದವರು ಒಂದು ಮಧ್ಯಾಹ್ನ ಇಲ್ಲವೆನ್ನಲಿಲ್ಲ. ಮರುದಿನ ಅಂಗಳದಲ್ಲಿ ಸಾವಕಾರರು, ಮಹೇಶ, ಮತೀನ, ಪಕ್ಕದ ಅಂಗಡಿಯ ಸಿದ್ಧಲಿಂಗ ಸೇರಿದರು. ಮಾಣಿಕಪ್ಪ ಎಲ್ಲರೆದುರು ಎಣ್ಣೆ ಕುದಿಸಿದ, ಹಲಗೆಗೆ ಹಚ್ಚಿ ಒರೆಸಿದ, ಬಟ್ಟೆಗಳನ್ನು ಚೀಲಕ್ಕೆ ತುರುಕಿ ಅಂಗಳದ ನಡುವೆ ಇಟ್ಟು ಹತ್ತು ಹೆಜ್ಜೆ ದೂರ ಹೋಗಿ ಕೂತ. ಕಡ್ಡಿಪೆಟ್ಟಿಗೆ ಇಲ್ಲವೆಂದು ತೋರಿಸಲು ಜೇಬನ್ನೂ ಹೊರಗೆಳೆದಿಟ್ಟುಕೊಂಡ. ಒಂದು ತಾಸಾಯಿತು, ಎರಡಾಯಿತು, ಏನೂ ಇಲ್ಲ. ಚಹಾ ಬಂತು. ಮಂತ್ರ ಮರೆತಿರಬೇಕು ಎಂದು ಸಿದ್ಧಲಿಂಗ ಚೇಷ್ಟೆ ಮಾಡಿದ. ಮಾಣಿಕಪ್ಪ ಚಹಾ ಮುಟ್ಟಲಿಲ್ಲ. ಮನಸ್ಸಿನಲ್ಲೇ ಗಂಗವ್ವನಿಗೆ, ಇವತ್ತೊಂದು ದಿನ ನಿನ್ನ ಪಾಲು ಬೆಂಕಿಗೆ ಬಿಡು ತಾಯಿ ಎಂದು ಬೇಡಿಕೊಳ್ಳುತ್ತಿದ್ದ.

ನಾಲ್ಕನೇ ತಾಸಿಗೆ ಕಮಟು ವಾಸನೆ ಬಂತು. ಚೀಲದ ಬಾಯಿಂದ ಸಣ್ಣಗೆ ಹೊಗೆ ಎದ್ದಿತು. ಬದಿಯಲ್ಲಿ ಕಂದು ಕಲೆ ಮೂಡಿ, ಕಪ್ಪಾಗಿ, ತೂತಾಗಿ, ಅಲ್ಲಿಂದ ಉರಿ ಇಣುಕಿತು. ಮತೀನ ಯಾ ಅಲ್ಲಾ ಎಂದು ಹಿಂದೆ ಸರಿದ. ಮಾಣಿಕಪ್ಪ ಎದ್ದು ನಿಂತ. ಆ ದಿನಗಳಲ್ಲಿ ಮೊದಲ ಸಲ ಅವನಿಗೆ ಸಂತೋಷವಾಗಿತ್ತು. ಅವನು ನೋಡಿದ್ದು ಬೆಂಕಿಯನ್ನಲ್ಲ, ಸಾವಕಾರರ ಮುಖವನ್ನು.

ಮೊದಲು ಮಾತಾಡಿದವನು ಮಹೇಶ. "ನೋಡ್ರಿ ಅಪ್ಪಾ. ಇವಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಕೊಂಡ ಹೋಗ್ಯಾನ."

ಸಾವಕಾರರು ಉರಿಯುವ ಚೀಲದ ಕಡೆ ಕೋಲು ತೋರಿಸಿದರು. "ಇಷ್ಟ ಗೊತ್ತಿದ್ದಾಂವ ಒಂದ ಮಾತ ಹೇಳಿ ಹೋಗಬೇಕಿತ್ತಲ್ಲೋ ಮಾಣಿಕಪ್ಪ."

"ಇಪ್ಪತ್ತೆರಡ ವರ್ಷ ದಿನಾ ಹೇಳೀನ್ರಿ. ಗಂಗವ್ವನ ಪಾಲು ಅಂತ ಹೇಳೀನಿ."

"ಅದು ಹೇಳಿದಂಗ ಆಗಲಿಲ್ಲ," ಎಂದು ಸಾವಕಾರರು ಕೋಲೂರಿ ಎದ್ದು ಒಳಗೆ ಹೋದರು. ಅವರ ಬೆನ್ನ ಹಿಂದೆ ತಲಬಾಗಿಲು ಮುಚ್ಚಿಕೊಂಡಿತು. ಮಾಣಿಕಪ್ಪನೇ ಕಾಯ್ದ ಬಾಗಿಲು ಅದು, ಆಗಲೂ ಬೆಲ್ಲದ ಬಣ್ಣದಲ್ಲೇ ಇತ್ತು.

ಕೇಸು ಅಲ್ಲಿಗೇ ನಿಂತಿತು. ಆದರೆ ಬೆಂಕಿ ಹಚ್ಚಿದವನಿಗಿಂತ ಗೊತ್ತಿದ್ದೂ ಹೇಳದವನು ಕಡೆ ಎಂದು ಊರು ತೀರ್ಪು ಕೊಟ್ಟಿತು. ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲೂ ಯಾರೂ ಅವನ ಕೈಗೆ ಎಣ್ಣೆ ಕೊಡಲಿಲ್ಲ. ಅವನ ಸಂಕಟ ಇದಲ್ಲ. ಮಹೇಶ ಯಾಕೆ ಎಂದು ಕೇಳಿದ ದಿನ ಒಂದಿಷ್ಟು ತಡೆದು ಯೋಚಿಸಿದ್ದರೆ ಆ ಬಿಸಿ ನೆನಪಾಗುತ್ತಿತ್ತೇನೋ. ಯೋಚಿಸದಂತೆ ಮಾಡಿದ್ದು ತನ್ನ ಅಜ್ಞಾನವೋ ತನಗಾದ ಅವಮಾನವೋ ಎಂಬುದು ಅವನಿಗೇ ಬಗೆಹರಿಯುವುದಿಲ್ಲ. ಹಣಮಮ್ಮನ ಎದುರೂ ಅವನು ಇದನ್ನು ಆಡಿಲ್ಲ.

ಈಗ ಅವನು ಶಹಾಬಾದಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಹಾಸುಗಲ್ಲು ಎತ್ತಿಡುತ್ತಾನೆ. ಆ ಕೆಲಸಕ್ಕೆ ಎಣ್ಣೆ ಬೇಕಿಲ್ಲ, ನೀರು ಸಾಕು.

ಮೊನ್ನೆ ರೇಶನ್ ಕಾರ್ಡಿನ ಕೆಲಸಕ್ಕೆ ಸೇಡಂಗೆ ಬಂದವನು ಬಸ್‌ಸ್ಟ್ಯಾಂಡಿನ ಹಿಂದೆ ಹಾದುಹೋದ. ಹೊಸ ಅಡ್ಡೆ ಎದ್ದಿತ್ತು. ಮತೀನ ಹೊರಗೆ ಬಂದು ಮಾತಾಡಿಸಿದ. ನಳದ ಮೇಲಿನ ಗೋಡೆಗೆ ಕೆಂಪು ಅಕ್ಷರದ ಬೋರ್ಡು ಹಾಕಿದ್ದರು. ಮಾಣಿಕಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ: ಎಣ್ಣೆ ಒರೆಸಿದ ಬಟ್ಟೆಗಳನ್ನು ಕಡ್ಡಾಯವಾಗಿ ನೀರಿನಲ್ಲಿ ಮುಳುಗಿಸಬೇಕು. ಕೆಳಗೆ ಮಹೇಶಕುಮಾರ, ಮಾಲೀಕರು ಎಂದಿತ್ತು. ಬಂದ ಗಿರಾಕಿಗಳಿಗೆಲ್ಲ ಮಹೇಶ ಇದನ್ನು ತೋರಿಸಿ, ವಿಜ್ಞಾನ ಎಂದು ತಿಳಿಸಿ ಹೇಳುತ್ತಾನಂತೆ.

"ನೀ ಹೇಳಿದ್ದಾ ಅಲ್ಲೇನೋ ಇದು," ಎಂದ ಮತೀನ ಮೆಲ್ಲಗೆ.

"ನಾ ಹೇಳಿದಾಗ ಅದು ಮೂಢನಂಬಿಕಿ ಇತ್ತು," ಎಂದು ಮಾಣಿಕಪ್ಪ ಶಹಾಬಾದಿನ ಬಸ್ಸು ಹಿಡಿಯಲು ನಡೆದ.