ಮಾತಿಗೊಂದು ಜಗಲಿ ಕಟ್ಟಿದ ಹಲೋ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಐವತ್ತಮೂರರ ಹೆಂಗಸೊಬ್ಬರು ಪಕ್ಕದಲ್ಲಿ ಬಿಸಿನೀರಿನ ಲೋಟ ಇಟ್ಟುಕೊಂಡು, ಕಂಪ್ಯೂಟರಿನ ಮುಂದೆ ಕೂತು ಮೈಕಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಾರೆ: “ಎಡಗಾಲಿನ ಮೂಳೆ ಕೂಡಿದೆ. ಮುಂದಿನ ವಾರ ಬರಲಿ.” ನೆಲ ಒರೆಸುವಾಕೆ ಬಾಗಿಲಲ್ಲಿ ಇಣುಕಿ, ಆ ಕಾಲು ಇನ್ನೂ ಕೂಡಲಿಲ್ಲವೇ ಎಂದು ಕೇಳುತ್ತಾಳೆ. ಎಂಟು ತಿಂಗಳಿಂದ ದಿನವೂ ಇದೇ ಪ್ರಶ್ನೆ, ದಿನವೂ ಇಬ್ಬರಿಗೂ ನಗು.

ಹೇಳುತ್ತಿರುವವರು ಹಲೋ ಅಕ್ಕ. ಆಸ್ಪತ್ರೆಯಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆಯುವವರಿಲ್ಲ. ಹದಿನೆಂಟು ವರ್ಷ ಇಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಕರೆ ಜೋಡಿಸುವ ಆ ಯಂತ್ರ ಗುಜರಿಗೆ ಹೋದಾಗ ಇವರನ್ನು ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದರು, ಪ್ರಿಂಟರಿಗೆ ಕಾಗದ ತುಂಬುವುದಕ್ಕೆ. ಕಾಗದ ತುಂಬುತ್ತ ತುಂಬುತ್ತಲೇ ಮಗಳ ಕಾಲೇಜು ಪುಸ್ತಕ ಹಿಡಿದು ಪ್ರೋಗ್ರಾಂ ಬರೆಯಲು ಕಲಿತರು. ಅರ್ಥವಾಗದ ಪುಟಕ್ಕೆ ತಲೆಯ ಪಿನ್ನು ತೆಗೆದು ಸಿಕ್ಕಿಸುತ್ತಿದ್ದರಂತೆ. ಮೊದಲ ತಿಂಗಳು ಪಿನ್ನೆಲ್ಲ ಪುಸ್ತಕದಲ್ಲೇ, ತಲೆಗೂದಲು ಗಾಳಿಪಾಲು.

“ಯಾರ ಮಾತು ಯಾರಿಗೆ ಹೋಗ್ಬೇಕೋ ಅವರಿಗೆ ಜೋಡಿಸಿ ಕೊಡೋದು. ಆಗಲೂ ಅದೇ ಕೆಲಸ, ಈಗಲೂ ಅದೇ,” ಎನ್ನುತ್ತಾರೆ.

ಈ ಜೋಡಿಸುವಿಕೆಯ ಹಿಂದೆ ಇರುವುದು ಚಿಕ್ಕಮ್ಮ. ಹಲೋ ಅಕ್ಕನಿಗೆ ಮಾತ್ರವಲ್ಲ, ಆಸ್ಪತ್ರೆಗೇ ಚಿಕ್ಕಮ್ಮ. ಎಕ್ಸ್‌ರೇ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ವೈದ್ಯರ ವರದಿಗಳನ್ನು ಟೈಪ್ ಮಾಡುತ್ತಿರುವವರು. ಕಳೆದ ವರ್ಷದಿಂದ ಅವರ ಬೆರಳ ಗಂಟುಗಳು ಊದಿಕೊಂಡು ಮಡಚಲು ಬರುತ್ತಿಲ್ಲ. ಕೆಲಸ ಸಾಗದಿದ್ದರೆ ಹೊರಗೆ ಚೀಟಿ ಕೊಡುವ ಕಿಟಕಿಗೆ ಹಾಕುತ್ತೇನೆ ಎಂದು ಮೇಲಧಿಕಾರಿ ಗಡುವು ಕೊಟ್ಟಿದ್ದಾರೆ. ಆ ಗಡುವು ಇಂದಿಗೆ ಮುಗಿಯುತ್ತದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ನಲವತ್ತು ವರದಿ, ಕೀಲಿಮಣೆ ಮುಟ್ಟದೆ, ಬರೀ ಬಾಯಿಮಾತಿನಲ್ಲಿ ಮುಗಿಯಬೇಕು.

ಈಗಿನ ಕಂಪ್ಯೂಟರಿಗೆ ಮಾತು ಕೇಳಿಸುತ್ತದೆ, ಅದೇನೂ ದೊಡ್ಡದಲ್ಲ. ತಾಪತ್ರಯ ಇರುವುದು ಆಮೇಲೆ. ಒಂದು ವರದಿ ಮೂರು ಪ್ರೋಗ್ರಾಂಗಳನ್ನು ದಾಟಬೇಕು. ಮೊದಲನೆಯದು ಪತ್ರ ಬರೆಯುವಂಥದ್ದು, ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತದೆ. ಎರಡನೆಯದು ರೋಗಿಗಳ ದಾಖಲೆಯದು, ಬರೆದುಕೊಳ್ಳುತ್ತದೆ, ಅಳಿಸು ಎಂದರೆ ಮಾತ್ರ ಕಿವುಡನಂತೆ ಕೂರುತ್ತದೆ. ಮೂರನೆಯದು ಎಕ್ಸ್‌ರೇ ವಿಭಾಗದ್ದು, ಓಬೀರಾಯನ ಕಾಲದ್ದು. ಮಾತು ಅಂತೊಂದು ಇದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ದಿನಕ್ಕೆ ನೂರಿಪ್ಪತ್ತು ಸಲ ಅದೇ ಎಡಗಾಲಿನ ಮೂಳೆಯನ್ನು ಮೂರಕ್ಕೂ ಹೇಳಿ ಹೇಳಿ, ಐದನೆಯ ತಿಂಗಳಿಗೆ ಹಲೋ ಅಕ್ಕ ಮೂರರ ಕಿವಿಯನ್ನೂ ತೆರೆಸಿದರು.

ತೆರೆಸಿದ ದಿನವೇ ಎಡವಟ್ಟಾಯಿತು. ಖುಷಿಯಲ್ಲಿ ಮೈಕು ಆರಿಸುವುದನ್ನು ಮರೆತು, ನೆಲ ಒರೆಸುವಾಕೆಯ ಹತ್ತಿರ ಗಂಡನ ಗೊರಕೆಯ ಪುರಾಣ ಬಿಚ್ಚಿದ್ದಾರೆ. ಪರದೆಯ ಮೇಲೆ ತೆರೆದಿದ್ದದ್ದು ಅವರದೇ ರಜೆ ಅರ್ಜಿ. ಪುರಾಣವೆಲ್ಲ ಒಂದಕ್ಷರ ತಪ್ಪದೆ ಅದರೊಳಗೆ ಇಳಿಯಿತು. ನಕ್ಕು ಏಳುವಾಗ ಮೊಣಕೈ ಕೀಲಿಮಣೆಗೆ ತಗುಲಿ ಅರ್ಜಿ ಮೇಲಧಿಕಾರಿಗೆ ಹೋಗಿಯೂ ಬಿಟ್ಟಿತು. “ಗೊರಕೆಯ ಕಾರಣಕ್ಕೆ ರಜೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ” ಎಂದು ಸಂಜೆ ಉತ್ತರ ಬಂತು. ಬಸ್ ಡ್ರೈವರ್ ಆಗಿರುವ ಗಂಡ, ಬೆಳಗಿನ ಮೊದಲ ಬಸ್ಸಿನಲ್ಲಿ ಇವರನ್ನು ಕೆಲಸಕ್ಕೆ ತಂದು ಬಿಡುವವರು, ಮೂರು ದಿನ ಮುಖ ಊದಿಸಿಕೊಂಡು ಬಸ್ ಓಡಿಸಿದರು.

“ನಗು ನಿಂತ ಮೇಲೆ ಭಯ ಆಯ್ತು. ನನ್ನ ಮನೆ ಮಾತು ಹೋಗಿ ಯಾರದೋ ಕಾಲಿನ ವರದಿಲಿ ಕೂತಿದ್ರೆ? ಮಾತು ನೆಟ್ಟಗೆ ಒಳಮನೆಗೆ ನುಗ್ಗಬಾರದು. ಮೊದಲು ಜಗಲಿ ಮೇಲೆ ಕೂರಬೇಕು,” ಎನ್ನುತ್ತಾರೆ ಹಲೋ ಅಕ್ಕ.

ಹಾಗೆ ಹುಟ್ಟಿತು ‘ಜಗಲಿ’. ಪರದೆಯ ಮೂಲೆಯಲ್ಲಿ ಅಂಗೈಯಗಲದ ಹಳದಿ ಚೌಕ. ಆಡಿದ ಮಾತು ಮೊದಲು ಅಲ್ಲಿ ಕೂರುತ್ತದೆ. ತಿದ್ದುವುದು, ಅಳಿಸುವುದು ಎಲ್ಲ ಅಲ್ಲೇ. “ಒಳಗೆ ಹೋಗು” ಎಂದರೆ ಮಾತ್ರ ಮೂರೂ ಪ್ರೋಗ್ರಾಂಗಳಲ್ಲಿ ತನ್ನ ತನ್ನ ಜಾಗಕ್ಕೆ ಹೋಗುತ್ತದೆ. ಇದನ್ನು ಕಟ್ಟಲು ಮತ್ತೆ ಮೂರು ತಿಂಗಳು ಹಿಡಿಯಿತು.

ಒಂಬತ್ತಕ್ಕೆ ಎಕ್ಸ್‌ರೇ ವಿಭಾಗದ ತಮ್ಮ ಕುರ್ಚಿಗೆ ಚಿಕ್ಕಮ್ಮ ಬರುತ್ತಾರೆ, ಹಲೋ ಅಕ್ಕ ಆಗಲೇ ಅಲ್ಲಿದ್ದಾರೆ. ಬೆರಳು ಮಡಚದ ಅವರಿಗೆ ಮೈಕನ್ನು ಹಲೋ ಅಕ್ಕ ತಾವೇ ಸಿಕ್ಕಿಸುತ್ತಾರೆ. ಮೇಲಧಿಕಾರಿ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದಾರೆ. ಮೊದಲ ವರದಿಗೆ ಒಂಬತ್ತು ನಿಮಿಷ. ಎರಡನೆಯದಕ್ಕೆ ಆರು. ಹತ್ತನೆಯದರ ಹೊತ್ತಿಗೆ ಚಿಕ್ಕಮ್ಮನ ದನಿಗೆ ಹಳೆಯ ಗತ್ತು ಬಂದಿದೆ, ಪಕ್ಕದಲ್ಲಿ ಕೂತು ವರದಿ ಹೇಳುತ್ತಿರುವ ಎಕ್ಸ್‌ರೇ ವೈದ್ಯರಿಗೇ ಮೊದಮೊದಲು ಕೊಂಚ ನಿಧಾನವಾಗಿ ಹೇಳಿ ಎನ್ನುತ್ತಿದ್ದವರು ಈಗ ಬೇಗ ಹೇಳಿ ಎನ್ನುತ್ತಾರೆ. ಹತ್ತೊಂಬತ್ತನೆಯ ವರದಿಗೆ ಮೂರನೆಯ ಪ್ರೋಗ್ರಾಂ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮೇಲಧಿಕಾರಿ ಗಡಿಯಾರ ನೋಡುತ್ತಾರೆ. ಹಲೋ ಅಕ್ಕ ಪರದೆಯತ್ತ ಬಾಗುತ್ತಾರೆ. ಆದರೆ ಆಡಿದ ಮಾತೆಲ್ಲ ಜಗಲಿಯ ಮೇಲೆ ಹಾಗೇ ಕೂತಿದೆ. ಪ್ರೋಗ್ರಾಂ ಮತ್ತೆ ತೆರೆದು “ಒಳಗೆ ಹೋಗು” ಎಂದಾಗ ಒಂದಕ್ಷರ ಬಿಡದೆ ಹೋಗುತ್ತದೆ.

ಹನ್ನೆರಡೂ ಮುಕ್ಕಾಲಿಗೆ ನಲವತ್ತನೆಯದು ಮುಗಿಯುತ್ತದೆ. ನಾಳೆಯೂ ಹೀಗೇ ಮಾಡಿ ಎಂದಷ್ಟೇ ಹೇಳಿ ಮೇಲಧಿಕಾರಿ ಹೊರಡುತ್ತಾರೆ. ಬಾಗಿಲಲ್ಲಿ ನಿಂತು, ಗೊರಕೆ ಈಗ ಹೇಗಿದೆ ಎಂದು ಹಲೋ ಅಕ್ಕನನ್ನು ಕೇಳಲು ಮರೆಯುವುದಿಲ್ಲ. ಕೋಣೆಯ ತುಂಬ ನಗು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹಲೋ ಅಕ್ಕ ತುಸು ಯೋಚಿಸಿ, ಔಷಧಿ ವಿಭಾಗದ ಕಣ್ಣು ಕಾಣದ ಗುಮಾಸ್ತರಿಗೆ ಇಂಥದ್ದೇ ಒಂದು ಕಟ್ಟಿಕೊಡಬೇಕು, ಎಡಗಾಲು ಕೂಡಿತಲ್ಲ, ನಾಳೆಯಿಂದ ಮೈಕಿಗೆ ಹೇಳಲು ಬೇರೆ ವಾಕ್ಯ ಹುಡುಕಬೇಕು ಎನ್ನುತ್ತಾರೆ. ಅಷ್ಟರಲ್ಲಿ ಅವರ ಕಣ್ಣು ಪರದೆಯ ಮೂಲೆಗೆ ಹೋಗುತ್ತದೆ. ಮೈಕು ತೆಗೆಯುವ ಮೊದಲು ಚಿಕ್ಕಮ್ಮ ತಮ್ಮಷ್ಟಕ್ಕೆ ಏನೋ ಅಂದುಕೊಂಡಿದ್ದಾರೆ. ಹಳದಿ ಚೌಕದಲ್ಲಿ ಅದು ಸ್ಪಷ್ಟವಾಗಿ ಕೂತಿದೆ: ‘ನನ್ನ ಕುರ್ಚಿ ನನಗೇ ಉಳೀತು.’

ಅಳಿಸಲೇ ಎಂದು ಚಿಕ್ಕಮ್ಮ ನಾಚಿಕೊಂಡು ಕೇಳುತ್ತಾರೆ.

“ಬೇಡ ಚಿಕ್ಕಮ್ಮ,” ಹಲೋ ಅಕ್ಕ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂರುತ್ತಾರೆ. “ಇವತ್ತೊಂದು ದಿನ ಅಲ್ಲೇ ಕೂತಿರ್ಲಿ.”